ಹಣ್ಣನ್ನು ಜುಟ್ಟಿನಿಂದ ಮಾಗಿಸಿದ ಮೇಷ್ಟ್ರು

ಶಿಕಾರಿಪುರದ ಕಂಪ್ಯೂಟರ್ ಸೆಂಟರಿನ ನಮ್ಮ ಸರ್ ತೀರಿಕೊಂಡು ಇವತ್ತಿಗೆ ಹತ್ತೊಂಬತ್ತು ದಿನ. ಸುದ್ದಿ ಬಂದ ದಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೊಂದು ಜನ ಕೈಮುಗಿದ ಚಿತ್ರ ಹಾಕಿದರು. ಹದಿನಾಲ್ಕು ಜನ ದೇವರಂಥ ಮನುಷ್ಯ ಎಂದು ಬರೆದರು. ಆ ಹದಿನಾಲ್ಕರಲ್ಲಿ ಐವರ ನೋಟ್‌ಬುಕ್ಕುಗಳನ್ನು ಅವರು ಕಿಟಕಿಯಿಂದ ಕೆಳಗೆ ಎಸೆದಿದ್ದರು. ಎಸೆದ ದಿನಾಂಕಗಳು ನನ್ನ ದಿನಚರಿಯಲ್ಲಿವೆ.

ನಾನು ಏನೂ ಬರೆಯಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಅಮ್ಮ ಹೇಳಿದಳು. ಒಳ್ಳೆಯದೇನಾದರೂ ಸಿಕ್ಕೀತೆಂದು ಆ ವರ್ಷದ ದಿನಚರಿಯನ್ನು ತೆಗೆದು ಮೊದಲಿನಿಂದ ಓದಿದೆ. ನಾನು ಹಾಜರಾದ ತರಗತಿಗಳು ನೂರ ಹದಿನೆಂಟು. ತಡವಾಗಿ ಹೋದದ್ದು ಒಂಬತ್ತು ದಿನ. ಸರ್ ನನ್ನನ್ನು ಹೆಸರು ಹಿಡಿದು ಕರೆದದ್ದು ಸೊನ್ನೆ ಸಲ. ‘ಕಣ್ಣಿಲ್ಲೇನು’ ಎಂದದ್ದು ಅರವತ್ತನಾಲ್ಕು ಸಲ, ಇದು ನನಗೊಬ್ಬಳಿಗೇ. ಜ್ವರ ಬಂದಾಗ ಮನೆಗೆ ಕಳಿಸಿದ್ದು ಒಂದು ಸಲ. ಅದನ್ನು ಒಳ್ಳೆಯದರ ಪಟ್ಟಿಗೆ ಸೇರಿಸಲು ಹೊರಟಿದ್ದೆ. ಪಕ್ಕದಲ್ಲೇ ಅವರು ಕೊಟ್ಟ ಕಾರಣವನ್ನೂ ಬರೆದಿಟ್ಟಿದ್ದೆ: ಕೀಬೋರ್ಡಿಗೆ ಸೋಂಕು ಹತ್ತೀತು.

ಆಳು ಕುಳ್ಳಗಿದ್ದರು. ವಯಸ್ಸು ಐವತ್ತರ ಆಸುಪಾಸು. ಅಂಗಿಯ ತೋಳನ್ನು ಎಂದೂ ಮಡಚುತ್ತಿರಲಿಲ್ಲ, ಬೇಸಿಗೆಯಲ್ಲೂ ಮಣಿಕಟ್ಟಿನ ಗುಂಡಿ ಹಾಕಿರುತ್ತಿದ್ದರು. ಕಂಪ್ಯೂಟರ್ ಕಲಿಸುವವರಾದರೂ ಬಲಗೈಯಲ್ಲಿ ಸದಾ ಸೀಮೆಸುಣ್ಣ. ನಾವು ಬರೆದ ತಪ್ಪನ್ನು ತೋರಿಸಲು ಸೀಮೆಸುಣ್ಣದ ಬೆರಳನ್ನೇ ಪರದೆಯ ಮೇಲೆ ಎಳೆಯುತ್ತಿದ್ದರು. ಸಂಜೆ ಹೊತ್ತಿಗೆ ಯಾವ ಪರದೆಯ ಮೇಲೆ ಹೆಚ್ಚು ಬಿಳಿ ಗೀರು ಇದೆಯೋ ಆ ವಿದ್ಯಾರ್ಥಿ ಅಂದಿನ ಕತ್ತೆ. ಒರೆಸಿಕೊಂಡು ಹೋಗುವುದೂ ಆ ಕತ್ತೆಯ ಕೆಲಸ. ನಾನು ಹದಿನಾರು ಸಂಜೆ ಒರೆಸಿದ್ದೇನೆ.

ಸೆಂಟರು ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹನ್ನೆರಡು ಜನ, ಎಂಟು ಕಂಪ್ಯೂಟರು. ನಾವು ಯಾರೂ ಅವರಿಗೆ ಹೆಸರಿನಿಂದ ಗೊತ್ತಿರಲಿಲ್ಲ, ಊರಿನಿಂದ ಗೊತ್ತಿದ್ದೆವು. ನಾನು ಕುಪ್ಪಗಡ್ಡೆ. ಕಿಟಕಿ ಪಕ್ಕ ಕೂರುತ್ತಿದ್ದವಳು ಉಡುತಡಿ. ಈಸೂರಿನಿಂದ ಇಬ್ಬರು ಹುಡುಗರು ಬರುತ್ತಿದ್ದರು. ಅವರು ಈಸೂರು ಒಂದು, ಈಸೂರು ಎರಡು. ಯಾಕೆ ಹೀಗೆ ಎಂದು ಉಡುತಡಿಯವಳು ಮೊದಲ ವಾರವೇ ಕೇಳಿದಳು. ಹೆಸರಿನಿಂದ ಏನು ತಿಳಿಯುತ್ತದೆ, ಊರು ತಿಳಿದರೆ ಬಸ್ಸು ತಿಳಿಯುತ್ತದೆ ಎಂದರು. ಯಾವ ಊರಿನ ಬಸ್ಸು ಎಷ್ಟು ಹೊತ್ತಿಗೆ ಬಂದು ನಿಲ್ಲುತ್ತದೆ ಎಂಬುದು ಅವರಿಗೆ ಬಾಯಿಪಾಠ. ಹಾಗಾಗಿ ತಡವಾದವರು ಬಸ್ಸಿನ ಮೇಲೆ ಸುಳ್ಳು ಹೇಳುವಂತಿರಲಿಲ್ಲ. ನನ್ನದು ಎರಡು ಬಸ್ಸು. ಎರಡನೆಯದು ತಪ್ಪಿದ ದಿನವೂ ಅವರ ಪ್ರಕಾರ ನಾನೇ ಅದನ್ನು ತಪ್ಪಿಸಿಕೊಂಡದ್ದು.

ನಮಗೆ ಅವರು ಕಲಿಸಬೇಕಿದ್ದದ್ದು ವೆಬ್ ಪುಟ ಮಾಡುವುದು. ಎಲ್ಲ ಕಲಿಸಿದರು, ಆದರೆ ಅವರ ಜೀವ ಇದ್ದದ್ದು ಒಂದರಲ್ಲೇ: ಒಂದು ಬಣ್ಣ ನಿಧಾನವಾಗಿ ಇನ್ನೊಂದಕ್ಕೆ ತಿರುಗುವಂತೆ ಕೋಡ್ ಬರೆಯುವುದು. ಅದಕ್ಕೆ ಗ್ರೇಡಿಯಂಟ್ ಎನ್ನುತ್ತಾರೆ. ಚಿತ್ರ ಬೇಡ, ಫೋಟೊ ಬೇಡ. ಒಂದೇ ಸಾಲು. ಯಾವ ದಿಕ್ಕಿಗೆ, ಯಾವ ಬಣ್ಣದಿಂದ ಯಾವ ಬಣ್ಣಕ್ಕೆ, ನೂರರಲ್ಲಿ ಎಷ್ಟನೇ ಪಾಲಿಗೆ ಒಂದು ನಿಂತು ಇನ್ನೊಂದು ಶುರುವಾಗಬೇಕು ಎಂದು ಬರೆದರೆ ಉಳಿದದ್ದನ್ನು ಯಂತ್ರ ತುಂಬಿಕೊಳ್ಳುತ್ತದೆ.

“ಎರಡು ತುದಿ ನಿಮ್ಮವು, ನಡುವಿಂದು ಯಂತ್ರದ್ದು,” ಎನ್ನುತ್ತಿದ್ದರು. “ನಡುವೆ ಅದು ಏನು ತುಂಬ್ತೈತಿ ಅಂತ ಮೊದಲೇ ಗೊತ್ತಿರದಿದ್ರ ನೀವು ಬಣ್ಣ ಹಚ್ಚೋರಲ್ಲ, ಚೆಲ್ಲೋರು.”

ಮೊದಲ ಎರಡು ತಿಂಗಳು ನಮ್ಮನ್ನು ಪರದೆಯ ಹತ್ತಿರ ಬಿಡಲಿಲ್ಲ. ಮೇಜಿನ ಮೇಲೆ ಏನಾದರೊಂದು ತಂದಿಡುವರು. ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಕೋಡ್ ಬರೆಯಬೇಕು. ಪರದೆಯ ಬಣ್ಣ ಎಂದರೆ ಮೂರು ಸಂಖ್ಯೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು, ಒಂದೊಂದೂ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ. ಬಣ್ಣದ ಮೇಲೆ ಬೊಟ್ಟಿಟ್ಟರೆ ಸಂಖ್ಯೆ ಹೇಳುವ ಸಲಕರಣೆ ಎಲ್ಲ ಕಂಪ್ಯೂಟರಿನಲ್ಲೂ ಇದೆ. ಅದನ್ನು ಅವರು ಎಂಟರಿಂದಲೂ ತೆಗೆಸಿದ್ದರು. ಕಣ್ಣಿನಿಂದ ಹೇಳಬೇಕು.

ಅವರು ಹೇಳುತ್ತಿದ್ದರು, ಅದೇ ನಮಗೆ ಸಿಟ್ಟು. ಹಾದುಹೋಗುವವರ ಅಂಗಿ, ಉಡುತಡಿಯವಳ ದುಪಟ್ಟಾ, ಕೆಳಗಿನ ಅಂಗಡಿಯವರು ಗೊಂಬೆಗೆ ಉಡಿಸಿದ ಸೀರೆ, ಯಾವುದನ್ನು ಕಂಡರೂ ಮೂರು ಸಂಖ್ಯೆ ಒಗೆಯುತ್ತಿದ್ದರು. ಈಸೂರು ಒಂದು ತನ್ನ ಮೊಬೈಲಿಗೆ ಬಣ್ಣ ಅಳೆಯುವ ಆ್ಯಪ್ ಹಾಕಿಕೊಂಡು ಕದ್ದು ಪರೀಕ್ಷಿಸಿದ. ಏಳು ಸಲ ನೋಡಿದೆವು. ಐದು ಸಲ ಹತ್ತರೊಳಗಿನ ವ್ಯತ್ಯಾಸ. ಮನುಷ್ಯ ಕೆಟ್ಟವನಾಗಿದ್ದು ಕೆಲಸವೂ ಬಾರದಿದ್ದರೆ ಸಹಿಸುವುದು ಸುಲಭ. ಇವರಿಗೆ ಕೆಲಸ ಬರುತ್ತಿತ್ತು.

ಒಂದು ದಿನ ಅರ್ಧ ಕೆಂಪಾದ ಹಸಿಮೆಣಸಿನಕಾಯಿ ತಂದಿಟ್ಟರು. ನಾವು ಕೆಂಪು, ಹಸಿರು ಎಂದು ಎರಡು ಬಣ್ಣ ಬರೆದು, ನಡುವೆ ಚಂದ ಕಾಣಲಿ ಎಂದು ಹಳದಿ ಸೇರಿಸಿದೆವು. ಹನ್ನೆರಡರಲ್ಲಿ ಹತ್ತು ಜನ ಸೇರಿಸಿದ್ದೆವು. ಸರ್ ಮೆಣಸಿನಕಾಯಿಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿದು ಹಳದಿ ತೋರಿಸಿ ಎಂದರು. ಇರಲಿಲ್ಲ. ಕೆಂಪು ಹಸಿರಿಗೆ ಸೇರುವಲ್ಲಿ ಕೊಳೆತ ಎಲೆಯಂಥ ಕಂದು ಬಣ್ಣವಿತ್ತು. ಆಮೇಲೆ ಪರದೆಯಲ್ಲಿ ಬರೀ ಕೆಂಪು ಮತ್ತು ಹಸಿರು ಕೊಟ್ಟು ತೋರಿಸಿದರು. ಯಂತ್ರ ನಡುವೆ ತುಂಬಿದ್ದು ಅದೇ ಕಂದು. ಟೊಮೇಟೊ ಆದರೆ ಯಂತ್ರಕ್ಕೆ ಬಿಟ್ಟರೆ ಕೆಡುತ್ತದೆ, ಅದಕ್ಕೆ ನಡುವೆ ಹಳದಿಯನ್ನು ನಾವೇ ಕೊಡಬೇಕು, ಮೆಣಸಿನಕಾಯಿಗೆ ಕೊಡಬಾರದು ಎಂದರು. ಅಷ್ಟು ಚೆನ್ನಾಗಿ ನನಗೆ ಯಾರೂ ಏನನ್ನೂ ಕಲಿಸಿಲ್ಲ. ಪಾಠ ಮುಗಿಸಿ ಆ ಮೆಣಸಿನಕಾಯಿಯನ್ನು ಉಡುತಡಿಯವಳ ಕೈಗೆ ಕೊಟ್ಟು ಕಚ್ಚು ಎಂದರು. ಕಂದು ಅರಿಯದವಳಿಗೆ ಖಾರವಾದರೂ ಅರಿಯಲಿ ಎಂದರು. ಅವಳು ಕಚ್ಚಿದಳು, ಅತ್ತಳು. ಗುಂಪಿನಲ್ಲಿ ದೇವರಂಥ ಮನುಷ್ಯ ಎಂದು ಮೊದಲು ಬರೆದವಳು ಅವಳೇ.

ಐದನೇ ತಿಂಗಳಲ್ಲಿ ಸೆಂಟರಿಗೆ ಒಂದು ನಿಜವಾದ ಕೆಲಸ ಬಂತು. ನಮ್ಮ ಸೊರಬ ಕಡೆಯ ಅನಾನಸ್ ಬೆಳೆಗಾರರು ಕೆಲವರು ಸೇರಿ ಸಣ್ಣ ಸಂಘ ಮಾಡಿಕೊಂಡಿದ್ದರು. ದೂರದ ವ್ಯಾಪಾರಿಗಳು ಹಣ್ಣು ನೋಡದೆ ಫೋನಿನಲ್ಲೇ ಕೇಳುತ್ತಾರೆ, ಕಾಲು ಬಣ್ಣದ್ದು ಇಷ್ಟು, ಅರೆ ಬಣ್ಣದ್ದು ಇಷ್ಟು ಎಂದು. ಅವರ ಕಾಲು ನಮ್ಮ ಅರೆ ಆಗಿ ಲೋಡು ವಾಪಸು ಬಂದದ್ದೂ ಉಂಟು. ಹಾಗಾಗಿ ಹಸಿ, ಕಾಲು, ಅರೆ, ಮುಕ್ಕಾಲು, ಪೂರ್ತಿ ಎಂದು ಐದು ಹಣ್ಣುಗಳನ್ನು ತೋರಿಸುವ ಒಂದು ವೆಬ್ ಪುಟ ಬೇಕಿತ್ತು. ಪುಟ ಒಪ್ಪಿಗೆಯಾದರೆ ಅದನ್ನು ನೋಡಿಕೊಳ್ಳಲು ಸೊರಬದ ಆಫೀಸಿನಲ್ಲಿ ನಮ್ಮ ತರಗತಿಯ ಒಬ್ಬರಿಗೆ ಕೆಲಸ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಮಾಡಿರಲಿಲ್ಲ. ಅಪ್ಪ ಆ ಸಂಘದ ಸದಸ್ಯ. ನಮ್ಮೂರಿನಿಂದ ಸೊರಬಕ್ಕೆ ಒಂದೇ ಬಸ್ಸಿನಲ್ಲಿ ಹೋಗಿಬರಬಹುದು. ಆ ಕೆಲಸ ನನಗೆ ಬೇಕಿತ್ತು. ದಿನಚರಿಯಲ್ಲಿ ಆ ವಾರ ನಾಲ್ಕು ದಿನ ಬರೀ ಅದನ್ನೇ ಬರೆದಿದ್ದೇನೆ.

ಅನಾನಸ್ ಇರುವ ಊರು ನಿನ್ನದಲ್ಲವೇ, ನೀನೇ ಮಾಡು ಎಂದು ಸರ್ ಪುಟವನ್ನು ನನಗೆ ಕೊಟ್ಟರು. ಈಸೂರು ಒಂದು ಜೊತೆಗೆ, ಅಕ್ಷರ ಜೋಡಿಸಲು. ನಾನು ಒಂಬತ್ತು ದಿನ ಕೆಲಸ ಮಾಡಿದೆ. ಮನೆಯ ಹಿಂದಿನ ಅನಾನಸ್ ತಾಕಿನಲ್ಲಿ ಕೂತು ಹಣ್ಣಿನ ಬುಡದಿಂದ ಎಷ್ಟು ಸಾಲು ಕಣ್ಣು ಹಳದಿಯಾಗಿದೆ ಎಂದು ಎಣಿಸಿದೆ. ಅನಾನಸ್ ಬುಡದಿಂದ ಹಣ್ಣಾಗುತ್ತದೆ. ಹಳದಿ ಕೆಳಗೆ ಹತ್ತಿ, ಸಾಲು ಸಾಲಾಗಿ ಮೇಲೇರಿ, ಕೊನೆಗೆ ಜುಟ್ಟಿನ ಹತ್ತಿರ ಹೋಗುತ್ತದೆ. ಇದನ್ನು ನಮ್ಮ ಕಡೆ ಮಕ್ಕಳಿಗೂ ಹೇಳಿಕೊಡಬೇಕಿಲ್ಲ. ಹಾಗೆಯೇ ಬರೆದೆ: ಟು ಟಾಪ್, ಅಂದರೆ ಕೆಳಗಿನಿಂದ ಮೇಲಕ್ಕೆ. ಮೊದಲು ಹಳದಿ, ಆಮೇಲೆ ಹಸಿರು. ಕಾಲು ಬಣ್ಣದ ಹಣ್ಣಿಗೆ ಇಪ್ಪತ್ತೈದಕ್ಕೆ ಹಳದಿ ನಿಂತು ನಲವತ್ತಕ್ಕೆ ಪೂರ್ತಿ ಹಸಿರು. ನಡುವಿನ ಎಳೆಹಸಿರು ಯಂತ್ರ ತಾನಾಗಿ ತುಂಬಿತು, ಸರಿಯಾಗಿಯೇ ತುಂಬಿತು. ಮೇಲೆ ಜುಟ್ಟು ಬಿಡಿಸಿದೆ.

ಮಾರ್ಚ್ ಆರನೇ ತಾರೀಕು ಸರ್ ಅದನ್ನು ನೋಡಿದರು. ಎಲ್ಲರನ್ನೂ ನನ್ನ ಪರದೆಯ ಸುತ್ತ ಕರೆದರು.

“ಇದೇನು, ಹಣ್ಣು ತಲೆಕೆಳಗ ಮಾಗೈತಿ?”

ಅನಾನಸ್ ಬುಡದಿಂದ ಹಣ್ಣಾಗುತ್ತದೆ ಎಂದೆ.

“ಬಿಸಿಲು ಎಲ್ಲಿಂದ ಬೀಳ್ತೈತಿ?”

“ಮೇಲಿಂದ ಸರ್.”

“ಮತ್ತ? ಬಿಸಿಲು ಮೇಲಿಂದ, ಹಣ್ಣು ಕೆಳಗಿಂದ? ನಿಮ್ಮ ಸೊರಬದಾಗ ಸೂರ್ಯ ನೆಲದಾಗ ಇರ್ತಾನೇನು?”

ಎಲ್ಲರೂ ನಕ್ಕರು. ಉಡುತಡಿಯವಳೂ ನಕ್ಕಳು. ಅವರಲ್ಲಿ ಯಾರೂ ಅನಾನಸ್ ತೋಟ ನೋಡಿದವರಲ್ಲ. ಅವರ ಕಡೆ ಜೋಳ, ಭತ್ತ, ಕುರಿ. ನಾನು ಕೊನೆಯದಾಗಿ ಒಂದು ಮಾತು ಹೇಳಿದೆ, ನಮ್ಮ ಅಪ್ಪ ಬೆಳೀತಾರೆ ಸರ್ ಎಂದು.

“ನಿಮ್ಮಪ್ಪ ಕೋಡ್ ಬರೀತಾರೇನು?”

ಸೀಮೆಸುಣ್ಣದ ಬೆರಳು ಐದೂ ಹಣ್ಣುಗಳ ಮೇಲೆ ಹರಿದಾಡಿತು. ದಿಕ್ಕು ತಿದ್ದು, ಇಲ್ಲದಿದ್ದರೆ ನನ್ನ ಸಹಿಯ ಪತ್ರ ಸಿಗುವುದಿಲ್ಲ, ಪತ್ರ ಇಲ್ಲದವರನ್ನು ಸಂಘದವರು ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂದರು. ಈಸೂರು ಒಂದು ನನ್ನ ಕಿವಿಯ ಹತ್ತಿರ ಬಗ್ಗಿ, ಈಗ ಸುಮ್ಮನೆ ತಿದ್ದಿಬಿಡು, ಸೊರಬಕ್ಕೆ ಹೋದ ಮೇಲೆ ವಾಪಸು ಹಾಕಿದರಾಯಿತು ಎಂದ. ಒಂದು ಪದದ ಕೆಲಸ. ಟಾಪ್ ಅಳಿಸಿ ಬಾಟಮ್ ಬರೆದೆ, ಐದು ಕಡೆ. ಹಳದಿ ಜುಟ್ಟಿನ ಬುಡಕ್ಕೆ ಏರಿತು. ಸರ್ ತಲೆ ಆಡಿಸಿ, ಈಗ ಹಣ್ಣು ಹಣ್ಣಿನಂಗೈತಿ ಎಂದು ಹೊರಟುಹೋದರು. ನಾನು ಎಂದಿನಂತೆ ನಡೆದದ್ದನ್ನೆಲ್ಲ ದಿನಚರಿಯಲ್ಲಿ ಬರೆದೆ.

ವಾಪಸು ಹಾಕುವ ಉಪಾಯ ನಡೆಯಲಿಲ್ಲ. ನಮ್ಮ ಕಡೆಯ ಸಂಘಗಳಲ್ಲಿ ಪರದೆಯ ಮೇಲೆ ನೋಡಿದ್ದಕ್ಕೆ ಬೆಲೆಯಿಲ್ಲ. ಕಾಗದದ ಮೇಲೆ ಇರಬೇಕು, ಅದು ಕೈಯಿಂದ ಕೈಗೆ ಹೋಗಬೇಕು, ಹಿಂದೆ ಎಲ್ಲರ ಸಹಿ ಬೀಳಬೇಕು, ಠರಾವಿನ ಪುಸ್ತಕಕ್ಕೆ ಅಂಟಬೇಕು. ವೆಬ್ ಪುಟಕ್ಕೂ ಅದೇ. ಸರ್‌ಗೆ ಅದು ಗೊತ್ತಿತ್ತು. ಸಂಘದ ಸಭೆಯ ಹಿಂದಿನ ದಿನವೇ ಶಿಕಾರಿಪುರದಲ್ಲಿ ಬಣ್ಣದ ಮುದ್ರಣ ಮಾಡಿಸಿದ್ದರು. ಹಿನ್ನೆಲೆಯ ಬಣ್ಣವೂ ಕಾಗದಕ್ಕೆ ಇಳಿಯುವಂತೆ ಗುರುತು ಹಾಕದಿದ್ದರೆ ಗ್ರೇಡಿಯಂಟ್ ಮುದ್ರಣವಾಗುವುದಿಲ್ಲ, ಬರೀ ಗೆರೆ ಬರುತ್ತದೆ. ಅದನ್ನೂ ಮರೆಯದೆ ಹಾಕಿಸಿದ್ದರು. ಒಂಬತ್ತು ಪ್ರತಿ. ನಾನು ಸೊರಬ ಮುಟ್ಟುವಷ್ಟರಲ್ಲಿ ಕಾಗದಗಳು ಮೇಜಿನ ಮೇಲಿದ್ದವು.

ಮಾರ್ಚ್ ಹದಿನೆಂಟು, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಉದ್ದನೆಯ ಮೇಜು. ಅಧ್ಯಕ್ಷರು ನಡುವೆ, ಅವರ ಎಡಬಲಕ್ಕೆ ಸಮಿತಿಯವರು, ಮೇಜಿನ ತುದಿಯಲ್ಲಿ ಸರ್. ಹಿಂದೆ ಗೋಡೆಗೆ ಒರಗಿಸಿದ ಬೆಂಚಿನಲ್ಲಿ ಉಳಿದ ಸದಸ್ಯರು, ಅವರಲ್ಲಿ ಅಪ್ಪ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕಾಗದ ಮೊದಲು ಅಧ್ಯಕ್ಷರ ಕೈಗೆ ಹೋಯಿತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಎಂತದ್ರಿ ಇದು? ಜುಟ್ಟಿನ ಹತ್ರ ಹಳದಿ, ಬುಡ ಹಸಿರು. ಇಂಥ ಹಣ್ಣು ನಾನಂತೂ ಕಂಡಿಲ್ಲ.”

ಪಕ್ಕದವರು ಕಾಗದ ಇಸಿದುಕೊಂಡು ತಿರುಗಿಸಿ ಹಿಡಿದರು. ಹೀಗೆ ನೋಡಿ, ಬಣ್ಣ ಸರಿಯಾಯಿತು ಎಂದರು. ಬಣ್ಣವೇನೋ ಸರಿಯಾಯಿತು, ಜುಟ್ಟು ಬೇರಿನ ಜಾಗಕ್ಕೆ ಹೋಯಿತಲ್ಲ ಮಾರಾಯ ಎಂದು ಇನ್ನೊಬ್ಬರು ನಕ್ಕರು. ಗೋಡೆ ಬದಿಯಿಂದ ಯಾರೋ, ಹೀಗೆ ನೆಟ್ಟರೆ ಹಣ್ಣು ಮಣ್ಣೊಳಗೇ ಮಾಗುತ್ತದೆ, ಮಂಗನ ಕಾಟ ಇಲ್ಲ ಎಂದರು. ನಗು ಬೆಂಚಿನ ತುದಿಯವರೆಗೆ ಹೋಯಿತು. ಅಪ್ಪ ಮಾತ್ರ ನಗಲಿಲ್ಲ. ಅವನ ಕೈಗೂ ಒಂದು ಪ್ರತಿ ಬಂದಿತ್ತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದ.

ಆಗ ಸರ್ ಎದ್ದು ನಿಂತು ಹೇಳಿದರು.

“ಈ ಹುಡುಗಿ ಮಾಡಿದ್ದು ರೀ. ನಿಮ್ಮ ಕುಪ್ಪಗಡ್ಡೇದು. ಅನಾನಸ್ ಬೆಳೆಯೋರ ಮಗಳು ಅಂತ ನಾ ನಂಬಿ ಬಿಟ್ಟೆ.”

ಎಲ್ಲರ ಮುಖ ಒಟ್ಟಿಗೆ ಅಪ್ಪನ ಕಡೆ ತಿರುಗಿತು. ಅಪ್ಪ ತಲೆ ಎತ್ತಲಿಲ್ಲ.

ಇದು ನೀವೇ ಹೇಳಿ ತಿದ್ದಿಸಿದ್ದು ಸರ್ ಎಂದೆ. ನಾನಾ, ಯಾವಾಗ ಎಂದು ಅವರು ಸಮಿತಿಯವರ ಕಡೆ ನೋಡಿ ನಕ್ಕರು. ಯಾವಾಗ ಎಂದು ಕೇಳಬಾರದಿತ್ತು. ಚೀಲದಿಂದ ದಿನಚರಿ ತೆಗೆದೆ. ಮಾರ್ಚ್ ಆರು, ಮಧ್ಯಾಹ್ನ ಮೂರೂ ಹತ್ತು ಎಂದು ಶುರುಮಾಡಿ ಓದಿದೆ. ಬಿಸಿಲು ಮೇಲಿಂದ ಬೀಳುವುದನ್ನು ಓದಿದೆ. ಸೊರಬದ ಸೂರ್ಯ ನೆಲದಲ್ಲಿರುವುದನ್ನು ಓದಿದೆ. ಯಾರು ಯಾರು ನಕ್ಕರು ಎಂಬುದನ್ನೂ ಓದಿದೆ. ‘ನಿಮ್ಮಪ್ಪ ಕೋಡ್ ಬರೀತಾರೇನು’ ಎಂಬ ಮಾತನ್ನು ಅವರು ಹೇಳಿದ ಧಾಟಿಯಲ್ಲೇ ಓದಿದೆ.

ಓದಿ ಮುಗಿಸಿದಾಗ ಯಾರೂ ನಗುತ್ತಿರಲಿಲ್ಲ. ಆಮೇಲೆ ಒಬ್ಬರು, ನೆಲದಲ್ಲಿರೋ ಸೂರ್ಯನ್ನ ನಮಗೂ ತೋರಿಸಿ ಮೇಷ್ಟ್ರೇ ಎಂದರು. ಆಗ ನಗು ಮತ್ತೆ ಶುರುವಾಯಿತು, ಈ ಸಲ ಮೊದಲಿಗಿಂತ ಜೋರಾಗಿ. ಸರ್ ಕುಳಿತರು. ಅವರ ಕುತ್ತಿಗೆಯ ಬಣ್ಣವನ್ನು ಅವರೇ ಕಲಿಸಿದ ಲೆಕ್ಕದಲ್ಲಿ ಹೇಳುವುದಾದರೆ ಇನ್ನೂರು, ಎಂಬತ್ತು, ಎಪ್ಪತ್ತು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಈಗಲೂ ಅಲ್ಲಗಳೆಯುವುದಿಲ್ಲ.

ಅಧ್ಯಕ್ಷರು ಮಾತ್ರ ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಿದ್ದರು.

“ಎಲ್ಲ ಹಿಂಗೇ ಬರೆದಿಡ್ತೀಯನೆ ತಂಗಿ?”

“ಹೌದು.”

“ಇವತ್ತಿಂದೂ ಬರೀತೀಯ?”

“ಬರೀತೀನಿ.”

ಅವರು ಪಕ್ಕದವರನ್ನು ನೋಡಿದರು. ಪಕ್ಕದವರು ಅವರ ಪಕ್ಕದವರನ್ನು ನೋಡಿದರು. ಸರ್‌ಗೂ ನನಗೂ ಹೊರಗೆ ಕೂರಲು ಹೇಳಿದರು. ಮೂವತ್ತೈದು ನಿಮಿಷವಾದ ಮೇಲೆ ತೀರ್ಮಾನ ಬಂತು: ದಿಕ್ಕು ತಿದ್ದಿದರೆ ಪುಟ ಒಪ್ಪಿಗೆ. ನೋಡಿಕೊಳ್ಳುವ ಕೆಲಸ ಅಕ್ಷರ ಜೋಡಿಸಿದ ಈಸೂರಿನ ಹುಡುಗನಿಗೆ.

ಕಾರಣ ಅಪ್ಪನಿಗೆ ಗೊತ್ತಾಗಿತ್ತು, ಅವನು ಒಳಗೇ ಇದ್ದ. ಹುಡುಗಿ ಚುರುಕು, ಸುಳ್ಳು ಹೇಳುವವಳಲ್ಲ ಎಂದು ಎಲ್ಲರೂ ಒಪ್ಪಿದರಂತೆ. ಸಂಘ ಎಂದ ಮೇಲೆ ನೂರು ಮಾತು ಬರುತ್ತವೆ, ಹೋಗುತ್ತವೆ, ದಿನಾಂಕ ಹಾಕಿ ಹಿಡಿದಿಡುವವರು ಒಳಗೆ ಕೂತರೆ ಯಾರೂ ಬಾಯಿ ಬಿಡುವಂತಿಲ್ಲ ಎಂದರಂತೆ ಅಧ್ಯಕ್ಷರು. ಅಪ್ಪ ಇದನ್ನು ಬಸ್ಸಿನಲ್ಲಿ ಹೇಳಿದ. ಆಮೇಲೆ ಕೇಳಿದ.

“ತಪ್ಪು ಅಂತ ಗೊತ್ತಿತ್ತನ ನಿಂಗೆ, ಹಾಕೋವಾಗ?”

“ಗೊತ್ತಿತ್ತು.”



ಸರ್ ಬಗ್ಗೆ ನನ್ನ ದ್ವೇಷ ಅಲ್ಲಿಗೆ ನಿಲ್ಲಬಹುದಿತ್ತು. ಅವರೇ ಮುಂದುವರಿಸಿದರು. ಮರು ವರ್ಷದ ತರಗತಿಗೆ ನಮ್ಮ ಊರಿನ ಇನ್ನೊಬ್ಬ ಹುಡುಗಿ ಸೇರಿದಳು. ಮೊದಲ ದಿನವೇ ಸರ್ ಅವಳಿಗೊಂದು ಕಥೆ ಹೇಳಿದರಂತೆ. ಆ ವರ್ಷದಿಂದ ಗ್ರೇಡಿಯಂಟ್ ಕಲಿಸುವಾಗ ಅನಾನಸ್ ತಂದಿಡುತ್ತಿದ್ದರು. ಇದು ಬುಡದಿಂದ ಮಾಗುತ್ತದೆ, ಸಕ್ಕರೆ ಮೊದಲು ಬುಡಕ್ಕೇ ಇಳಿಯುತ್ತದೆ, ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸುತ್ತಿದ್ದರು. ಕೊನೆಗೆ, ಕುಪ್ಪಗಡ್ಡೆಯವಳೇ ಒಬ್ಬಳಿದ್ದಳು, ಎಷ್ಟು ಹೇಳಿದರೂ ಕೇಳದೆ ಜುಟ್ಟಿನಿಂದ ಮಾಗಿಸಿ ಸೊರಬದಲ್ಲಿ ನನ್ನ ಮಾನ ಕಳೆದಳು ಎಂದು ನಗಿಸುತ್ತಿದ್ದರು. ಆಮೇಲೆ ಮೂರು ತರಗತಿಗಳು ಆ ಕಥೆ ಕೇಳಿ ನಕ್ಕಿವೆ. ಮೊನ್ನೆ ವಾಟ್ಸಾಪ್ ಗುಂಪಿನಲ್ಲೂ ಇಬ್ಬರು ಅದನ್ನು ನೆನೆಸಿಕೊಂಡು ಬರೆದಿದ್ದರು, ಸರ್ ಎಷ್ಟು ತಮಾಷೆಯ ಮನುಷ್ಯ ಎಂದು. ಅವರು ಬೇಕೆಂದೇ ಸುಳ್ಳು ಹೇಳುತ್ತಿದ್ದರೋ, ಹೇಳಿ ಹೇಳಿ ಅವರಿಗೇ ಹಾಗೆ ನೆನಪು ಉಳಿದಿತ್ತೋ ತಿಳಿಯದು. ಎರಡನೆಯದು ಇದ್ದರೂ ನಾನು ಕ್ಷಮಿಸಲಾರೆ. ಬೇರೆಯವರ ಬಣ್ಣವನ್ನು ಮೂರು ಸಂಖ್ಯೆಯಲ್ಲಿ ಹೇಳುವವರಿಗೆ ತಮ್ಮ ಮಾತು ನೆನಪಿರಬೇಕು.

ಕೊನೆಯದಾಗಿ ಪ್ರಮಾಣಪತ್ರದ ವಿಷಯ. ಸೊರಬದ ಸಭೆಯಾಗಿ ಹನ್ನೊಂದನೆಯ ದಿನ ಅದನ್ನು ಪಡೆಯಲು ಹೋದೆ. ಒಬ್ಬಳೇ ಹೋಗಿದ್ದೆ. ಕೊಡುವುದಿಲ್ಲ ಎನ್ನುತ್ತಾರೆಂದುಕೊಂಡು ಏನೇನು ಜಗಳವಾಡಬೇಕು ಎಂಬುದನ್ನು ಬಸ್ಸಿನಲ್ಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ಏಳು ಅಂಶ. ಸರ್ ಮೇಜಿನ ಹಿಂದೆ ಕೂತು ಉಳಿದವರ ಪತ್ರಗಳನ್ನು ತುಂಬುತ್ತಿದ್ದರು. ನನ್ನ ಪತ್ರ ತೆಗೆದು ಮುಂದಿಟ್ಟರು. ಅಂಕ ಸರಿಯಾಗಿತ್ತು, ತೊಂಬತ್ತೊಂದು. ಚೀಟಿಯ ಏಳು ಅಂಶಗಳಲ್ಲಿ ಆರು ಅಲ್ಲಿಗೇ ಬಿದ್ದುಹೋದವು. ಕೆಳಗೆ ವಿದ್ಯಾರ್ಥಿಯ ಬಗ್ಗೆ ಶಿಕ್ಷಕರು ಒಂದು ಸಾಲು ಬರೆಯುವ ಜಾಗವಿತ್ತು. ಉಳಿದ ಹನ್ನೊಂದು ಜನರಿಗೂ ‘ಉತ್ತಮ’ ಎಂದಷ್ಟೇ ಬರೆದಿದ್ದರು. ನನ್ನದರಲ್ಲಿ ದುಂಡಾದ ಅಕ್ಷರದಲ್ಲಿ ಒಂದು ಪೂರ್ತಿ ವಾಕ್ಯ: ‘ಹೇಳಿದ್ದನ್ನು ಹೇಳಿದಂತೆ ಮಾಡುವ ವಿದ್ಯಾರ್ಥಿನಿ.’

ಇದೇನು ಸರ್ ಎಂದೆ.

“ಸುಳ್ಳೇನು? ಸುಳ್ಳಾದ್ರ ಹೇಳು, ಈಗ್ಲೇ ಹೊಡೆದು ಹಾಕ್ತೀನಿ,” ಎಂದರು. ನಗುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದಿದ್ದರು. “ನಿನ್ನ ಪುಸ್ತಕ ತಂದೀಯಲ್ಲ. ನೋಡಿ ಹೇಳು.”

ತಂದಿದ್ದೆ. ಮಾರ್ಚ್ ಆರರ ಪುಟ ತೆಗೆದೆ. ಸೊರಬದಲ್ಲಿ ನಾನು ಓದಿದ್ದು ಆ ಪುಟದ ಮೇಲಿನ ಮುಕ್ಕಾಲು ಭಾಗ. ಕೆಳಗೆ ಇನ್ನೂ ಎರಡು ಸಾಲಿದ್ದವು: ‘ಐದೂ ಹಣ್ಣಿಗೆ ದಿಕ್ಕು ತಿದ್ದಿದೆ. ತಪ್ಪು ಎಂದು ಗೊತ್ತು.’ ಸಮಿತಿಯ ಎದುರು ಅವನ್ನು ಯಾಕೆ ಓದಲಿಲ್ಲ ಎಂದು ಈವರೆಗೆ ಯಾರೂ ಕೇಳಿಲ್ಲ. ಆ ಎರಡು ಸಾಲು ಪುಟದಲ್ಲಿವೆ ಎಂದು ಸರ್‌ಗೆ ಹೇಗೆ ಗೊತ್ತಾಯಿತೋ ತಿಳಿಯದು. ಬಹುಶಃ ಗೊತ್ತಿರಲಿಲ್ಲ, ನನ್ನಂಥವಳು ಬರೆದಿರದೆ ಇರುವುದಿಲ್ಲ ಎಂದು ಲೆಕ್ಕ ಹಾಕಿದ್ದರು.

ಅವರು ಪೆನ್ನು ಹಿಡಿದು ಕಾದರು. ಕೆಳಗಿನ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿದ ಸದ್ದು ಕೇಳಿತು.

“ಇರಲಿ ಬಿಡಿ ಸರ್,” ಎಂದೆ.

ಅವರು ಮುಚ್ಚಳ ಹಾಕಿದರು. ಮೊಹರನ್ನು ಶಾಯಿಗೆ ಅದ್ದಿ, ಆ ವಾಕ್ಯದ ಒಂದು ಅಕ್ಷರವೂ ಮುಚ್ಚಿಹೋಗದಂತೆ ಜಾಗ ನೋಡಿ ಒತ್ತಿದರು.